ಮಾತಿಲ್ಲದ ಜಾಗದ ನಗು

ನಿಜಗುಣಪ್ಪ ತನ್ನ ಮೈಕಿನ ಮಿಕ್ಸರನ್ನು ತಂದು ಶಾಲೆಯ ಮೈದಾನದ ನಟ್ಟನಡುವೆ, ಜನ ಕೂರುವ ಕುರ್ಚಿಗಳ ಮಧ್ಯೆ ಇಟ್ಟುಕೊಂಡದ್ದನ್ನು ನೋಡಿ ಅವನ ಹೆಂಡತಿ ರಾಚವ್ವನ ಮುಖ ಸಣ್ಣದಾಯಿತು. ನಾಟಕಕ್ಕೆ ಬಣ್ಣ ಹಚ್ಚಿಕೊಳ್ಳುತ್ತಿದ್ದವಳು ಅರ್ಧ ಮುಖದಲ್ಲೇ ರಂಗದಿಂದ ಇಳಿದು ಬಂದಳು.

"ಇದೇನ್ರಿ, ಇಲ್ಲೇ ಕುಂದ್ರಾವ್ರೇನ?"

"ಇನ್ನ ಮ್ಯಾಲೆ ಇಲ್ಲೇ," ಎಂದ ನಿಜಗುಣಪ್ಪ, ಗದ್ದುಗೆ ಏರಿದವನ ಹಾಗೆ.

ರಾಮದುರ್ಗದಲ್ಲಿ, ಸುತ್ತಲಿನ ಊರುಗಳಲ್ಲಿ ಮದುವೆಯಿರಲಿ, ನಾಟಕವಿರಲಿ, ಮೈಕು ನಿಜಗುಣಪ್ಪನದೇ. ಇಷ್ಟು ವರ್ಷ ಅವನ ತೋಳುಗಾತ್ರದ ಕೇಬಲ್ಲು ಎಲ್ಲಿಯವರೆಗೆ ಬರುತ್ತದೋ ಅಲ್ಲೇ ಅವನ ಜಾಗ. ಅಂದರೆ ರಂಗದ ಪಕ್ಕ, ಪರದೆಯ ಹಿಂದೆ. ಈಗ ಹೊಸದಾಗಿ ಡಿಜಿಟಲ್ ಸ್ಟೇಜ್ ಬಾಕ್ಸ್ ತಂದಿದ್ದ. ಮೈಕುಗಳ ವೈರುಗಳನ್ನೆಲ್ಲ ರಂಗದ ಮೇಲಿರುವ ಆ ಡಬ್ಬಿಗೆ ಚುಚ್ಚಿದರಾಯಿತು, ಅಲ್ಲಿಂದ ಕಿರುಬೆರಳಿಗಿಂತ ಸಣ್ಣ ವೈರೊಂದು ಮೈದಾನದ ಆಚೆ ತುದಿಗೆ ಬೇಕಾದರೂ ಬರುತ್ತದೆ. ಮೈಕು ಹೆಚ್ಚು ಬೇಕಾದವೋ, ಪಕ್ಕಕ್ಕೆ ಇನ್ನೊಂದು ಡಬ್ಬಿ ಜೋಡಿಸಿದರೆ ಮುಗಿಯಿತು. ನಾಟಕ ಮಂಡಳಿಯವರಿಗೆ ಅವನು ಕೊಟ್ಟ ಕಾರಣ ಇದೇ. ಸುಳ್ಳೇನಲ್ಲ, ಆದರೆ ಒಳಗಿನ ಮಾತು ಬೇರೆಯೇ ಇತ್ತು.

ಒಂದು ನಗು ಅವನ ತಲೆ ತಿನ್ನುತ್ತಿತ್ತು. ಮಂಡಳಿಯ ನಾಟಕದಲ್ಲಿ ರಾಚವ್ವನದು ಗಂಡನನ್ನು ಬೆರಳಲ್ಲಿ ಕುಣಿಸುವ ಹೆಂಡತಿಯ ಪಾತ್ರ. ಔಷಧದ ಅಂಗಡಿಯ ಪಾಂಡುರಂಗ ಅವಳ ಕಿವುಡ ಗಂಡ. ಎರಡನೆಯ ಅಂಕದಲ್ಲಿ ಒಂದು ಕಡೆ ಯಾರಿಗೂ ಮಾತೇ ಇಲ್ಲ, ಮೈಕುಗಳೆಲ್ಲ ಸುಮ್ಮನಿರುತ್ತವೆ. ಸರಿಯಾಗಿ ಅಲ್ಲೇ ಜನ ಬಿದ್ದು ಬಿದ್ದು ನಗುತ್ತಾರೆ. ತೊರಗಲ್ಲಿನಲ್ಲಿ ನಕ್ಕರು, ಎಂ.ಕೆ. ಹುಬ್ಬಳ್ಳಿಯಲ್ಲಿ ಕುರ್ಚಿ ಮುರಿಯುವ ಹಾಗೆ ನಕ್ಕರು. ಪರದೆಯ ಹಿಂದಿದ್ದವನಿಗೆ ಕಂಡದ್ದು ಹೆಂಡತಿಯ ಬೆನ್ನು ಮಾತ್ರ. ಪೇಟೆಯವರನ್ನು ಕೇಳಿದರೆ ಹಲ್ಲು ಕಿಸಿದು, ನೋಡಿದರೇ ಮಜಾ ಎನ್ನುತ್ತಿದ್ದರು. ಯಾರೋ ಮೊಬೈಲಿನಲ್ಲಿ ತೆಗೆದ ವಿಡಿಯೋದಲ್ಲಿ ನಗುವವರ ತಲೆಗಳೇ ಕುಣಿಯುತ್ತಿದ್ದವು. ರಾಚವ್ವನನ್ನೇ ಕೇಳಿದರೆ, ನಿಮ್ಮ ಮೈಕು ನೀವು ನೋಡಿಕೊಳ್ಳಿ ಎಂದು ಮಾತು ತೇಲಿಸುತ್ತಿದ್ದಳು. ಅವಳಿಗೂ ಸಿಟ್ಟಿತ್ತು ಅನ್ನಿ. ಪ್ರತಿ ನಾಟಕ ಮುಗಿದ ಮೇಲೆ ಹೇಗಾಯಿತು ಎಂದು ಆಸೆಯಿಂದ ಕೇಳಿದರೆ ಈ ಮಹಾರಾಯನದು ಒಂದೇ ಉತ್ತರ: "ಧ್ವನಿ ಸ್ವಲ್ಪ ಕಡಿಮಿ ಮಾಡು, ಸ್ಪೀಕರ್ ಹರೀತಾವ." ಅದೇನೇ ಇರಲಿ, ಹೆಂಡತಿ ಊರಿಗೆ ಊರನ್ನೇ ನಗಿಸುತ್ತಾಳೆ, ಕಟ್ಟಿಕೊಂಡವನೊಬ್ಬನಿಗೆ ಆ ಭಾಗ್ಯವಿಲ್ಲ ಎಂದರೆ ಹೊಟ್ಟೆ ಉರಿಯದೆ ಇರುತ್ತದೆಯೇ?

ಹೊಸ ಮಿಕ್ಸರಿನಲ್ಲಿ ರಂಗದವರ ಜೊತೆ ಮಾತಾಡಲೆಂದು ಒಂದು ಪುಟ್ಟ ಮೈಕೂ ಇತ್ತು. ಗುಂಡಿ ಒತ್ತಿದರೆ ಇವನ ದನಿ ಎಲ್ಲ ಸ್ಪೀಕರುಗಳಲ್ಲೂ ಹೋಗುತ್ತದೆ. ಜಾತ್ರೆಯ ಪೀಪಿ ಸಿಕ್ಕ ಹುಡುಗನ ಹಾಗೆ ಅದನ್ನು ಒತ್ತಿ ಒತ್ತಿ, ಪಾಂಡುರಂಗನಿಗೆ ಹಿಂದೆ ಸರಿಯಲು ಹೇಳಿದ, ಮುಂದೆ ಬರಲು ಹೇಳಿದ. ಬೇಸತ್ತ ಪಾಂಡುರಂಗ ಒಳಗೆ ಬಂದು ರಾಚವ್ವನ ಕಿವಿಯಲ್ಲಿ ಕೇಳಿದ:

"ಇವತ್ತ ಅದೊಂದು ಬಿಟ್ಟಬಿಡೋಣೇನು? ಅಂವಾ ಎದುರಿಗೇ ಕೂತಾನ."

ರಾಚವ್ವ ಮುಖದ ಉಳಿದರ್ಧಕ್ಕೆ ಬಣ್ಣ ಹಚ್ಚಿಕೊಂಡಳು. "ಬಿಟ್ರ ಜನಾ ಕೇಳತಾರ. ಮಾಡಿದ್ರ ನಮ್ಮನಿಯವರ ಮನಸ್ಸಿಗೆ ಎಲ್ಲಿ ಹತ್ತತೈತೋ ಅಂತ ಅಂಜಿಕಿ," ಎಂದಳು. ಅಷ್ಟರಲ್ಲಿ ಗಂಟೆ ಹೊಡೆಯಿತು.

ಎರಡನೆಯ ಅಂಕ ಬಂತು. ಕಿವುಡ ಗಂಡನ ಎದುರು ಕೂಗಿ ಕೂಗಿ ಸೋತ ರಾಚವ್ವ ಮಾತು ನಿಲ್ಲಿಸಿ ಜನರ ಕಡೆ ತಿರುಗಿದಳು. ಒಂದು ಕ್ಷಣ ಹಿಂಜರಿದಳು. ಆಮೇಲೆ, ಆದದ್ದಾಗಲಿ ಎಂದು, ಅಂಗೈಯನ್ನು ಬಟ್ಟಲು ಮಾಡಿ ಒಂದು ಕಿವಿಗೆ ಒತ್ತಿಕೊಂಡಳು. ಕತ್ತು ವಾಲಿಸಿದಳು. ಒಂದು ಕಣ್ಣು ಮುಚ್ಚಿ, ಕೆಳದುಟಿ ಕಚ್ಚಿ, ಇನ್ನೊಂದು ಕೈಯ ಎರಡು ಬೆರಳುಗಳಲ್ಲಿ, ಮಗುವಿನ ಕಾಲಿನ ಮುಳ್ಳು ತೆಗೆಯುವಷ್ಟು ನಾಜೂಕಾಗಿ, ಗಾಳಿಯಲ್ಲಿ ಇಲ್ಲದ ಗುಂಡಿಯೊಂದನ್ನು ತಿರುಗಿಸತೊಡಗಿದಳು.

ಮೈದಾನ ಗೊಳ್ಳೆಂದಿತು. ಮುಂದಿನ ಸಾಲಿನಲ್ಲಿದ್ದ ತಾಯವ್ವ ಎಂಬ ಮುದುಕಿ ಮೊದಲು ಹಿಂದೆ ತಿರುಗಿ ನೋಡಿದಳು. ಅವಳನ್ನು ನೋಡಿ ಆಚೀಚೆಯವರು, ಅವರನ್ನು ನೋಡಿ ಉಳಿದವರು, ಹೀಗೆ ಮುಂದಿನ ಸಾಲುಗಳೆಲ್ಲ ರಂಗಕ್ಕೆ ಬೆನ್ನು ಮಾಡಿದವು. ನಡುವೆ ನಿಜಗುಣಪ್ಪ ಕುಳಿತಿದ್ದ. ಕೈ ಹೆಡ್‌ಫೋನಿನ ಮೇಲೆ, ಕತ್ತು ವಾರೆ, ಒಂದು ಕಣ್ಣು ಮುಚ್ಚಿದೆ, ತುಟಿ ಹಲ್ಲಿನಡಿ, ಎರಡು ಬೆರಳು ಗುಂಡಿಯ ಮೇಲೆ.

ಅವನು ಜನರನ್ನು ನೋಡಿದ. ರಂಗವನ್ನು ನೋಡಿದ. ತನ್ನ ಬೆರಳುಗಳನ್ನು ನೋಡಿಕೊಂಡ. ಅಲ್ಲಿ ರಾಚವ್ವ, ಕಿವಿಯ ಮೇಲಿನ ಕೈ ತೆಗೆಯದೆ, ಅವನನ್ನೇ ನೋಡುತ್ತಿದ್ದಳು.

ನಿಜಗುಣಪ್ಪನ ಹೊಟ್ಟೆ ಮೊದಲು ಅಲುಗಿತು, ಆಮೇಲೆ ಭುಜ. ನಗುವಿನ ಭರಕ್ಕೆ ಮಿಕ್ಸರಿನ ಮೇಲೇ ಬೋರಲು ಬಿದ್ದ. ಮೊಣಕೈ ಹೋಗಿ ಆ ಪುಟ್ಟ ಮೈಕಿನ ಗುಂಡಿಯ ಮೇಲೆ ಕುಳಿತಿತು. ರಂಗದ ಎರಡೂ ಬದಿಯ ಸ್ಪೀಕರುಗಳಿಂದ ಅವನ ನಗು ಹೊರಬಿತ್ತು. ಕೆಮ್ಮು, ಬಿಕ್ಕಳಿಕೆ, ನಡುನಡುವೆ "ಎವ್ವಾ, ಸತ್ತೆ" ಎಂಬ ಉದ್ಗಾರ ಎಲ್ಲ ಸೇರಿ ಮಲಪ್ರಭೆಯ ದಂಡೆಗೆ ಮುಟ್ಟುವಷ್ಟು ಜೋರಾಗಿ. ಆಯುಷ್ಯವಿಡೀ ಬೇರೆಯವರ ದನಿ ಏರಿಸಿ ಇಳಿಸಿದವನ ನಗು ಹೇಗಿರುತ್ತದೆಂದು ಊರು ಕೇಳಿದ್ದು ಅಂದೇ.

ರಾಚವ್ವನ ಎದೆ ಹಗುರಾಯಿತು. ಸೆರಗು ಸಿಕ್ಕಿಸಿಕೊಂಡು ರಂಗದ ತುದಿಗೆ ಬಂದು, ಸೊಂಟದ ಮೇಲೆ ಕೈಯಿಟ್ಟು, ತನ್ನ ಮೈಕಿನಲ್ಲಿ ಗಂಡನಿಗೆ ಹೇಳಿದಳು:

"ಧ್ವನಿ ಸ್ವಲ್ಪ ಕಡಿಮಿ ಮಾಡ್ರಿ, ಸ್ಪೀಕರ್ ಹರೀತಾವ."