ಹಿಡಿತದ ಲೆಕ್ಕ

"ಇನ್ನೂ ಜೋರಾಗಿ ಹಿಂಡಿ, ಅಜ್ಜಿ." ಕುಮಾಸಿಯ ಆಸ್ಪತ್ರೆಯಲ್ಲಿ ಕೈಹಿಡಿತದ ಬಲ ಅಳೆಯಲು ಡಾಕ್ಟರ್ ಅಡೊಮಾಕೊ ಕೊಟ್ಟ ಯಂತ್ರವನ್ನು ಅಫ್ರಿಯೆ ಬಲಗೈಯಲ್ಲಿ ಹಲ್ಲುಕಚ್ಚಿ ಹಿಂಡಿದಳು. ಮುಳ್ಳು ಹನ್ನೊಂದು ಕಿಲೋದಲ್ಲೇ ನಿಂತಿತು. ಹದಿನಾರು ದಾಟದ ಸಕ್ಕರೆ ಕಾಯಿಲೆಯ ಮುದುಕರು ಎರಡು ವರ್ಷದೊಳಗೆ ಹಾಸಿಗೆ ಹಿಡಿಯುತ್ತಾರೆಂಬುದು ಯಂತ್ರ ಮಾಡಿದವರ ಲೆಕ್ಕ. ಹಾಸಿಗೆ ಹಿಡಿಯುವವರಿಗೆ ಕಣ್ಣಿನ ಆಪರೇಷನ್ ಯಾಕೆ ಎಂಬುದು ಆಸ್ಪತ್ರೆಯ ಲೆಕ್ಕ. ಅಫ್ರಿಯೆಗೆ ಉಳಿದಿದ್ದದ್ದು ಒಂದೇ ಕಣ್ಣು, ಅದೂ ಮಸುಕು.

ಡಾಕ್ಟರ್ ಆಪರೇಷನ್ ಪಟ್ಟಿಯಲ್ಲಿ ಅವಳ ಹೆಸರಿನ ಮೇಲೆ ಪೆನ್ನಿಟ್ಟ.

"ತಡಿಯಪ್ಪಾ! ನಾನು ಎಡಚಿ. ನಲವತ್ತು ವರ್ಷ ಬಾಂಕು ಮುದ್ದೆ ತಿರುವಿದ್ದು ಎಡಗೈಲಿ."

"ಮತ್ತೆ ಬಲಗೈಲಿ ಯಾಕೆ ಹಿಂಡಿದ್ರಿ?"

"ಡಾಕ್ಟರು ಕೊಟ್ಟದ್ದನ್ನ ಎಡಗೈಲಿ ಈಸ್ಕೊಳ್ತಾರಾ? ನಿನ್ನವ್ವ ಅಷ್ಟೂ ಕಲಿಸ್ಲಿಲ್ವಾ?"

ಸಾಲಿನಲ್ಲಿ ಕೂತಿದ್ದ ಮುದುಕಿಯರು ಕಿಸಕ್ಕನೆ ನಕ್ಕರು. ಡಾಕ್ಟರ್ ನಗಲಿಲ್ಲ. "ಒಬ್ಬರಿಗೆ ಒಂದೇ ಸಲ, ಅಜ್ಜಿ. ನಿಯಮ," ಎಂದು ಹೆಸರು ಹೊಡೆದುಹಾಕಲು ಬಗ್ಗಿದ.

ದೊಡ್ಡವರ ಮುಂದೆ ಎಂದೂ ಚಾಚದ ಎಡಗೈಯನ್ನು ಅಫ್ರಿಯೆ ಎಲ್ಲರೆದುರೇ ಚಾಚಿದಳು. ಪೆನ್ನು ಹಿಡಿದ ಅವನ ಮಣಿಕಟ್ಟನ್ನು ಹಿಡಿದು ಅಮುಕಿದಳು. ಪೆನ್ನು ನೆಲಕ್ಕೆ ಬಿತ್ತು.

"ಬಿಡಿ ಅಜ್ಜಿ, ನೋಯ್ತಿದೆ!"

"ನೋಯ್ತಿದೆಯಾ? ಹಾಗಾದ್ರೆ ಅದನ್ನೇ ಬರ್ಕೋ."