ಬಲಗಡೆಯ ಕಿಟಕಿ

"ನಿಲ್ಸು ಮಗಾ, ನಿಲ್ಸು!"

ಹಿಂದಿನ ಸೀಟಿನ ಬೀಯಮ್ಮನ ಕೂಗಿಗೆ ಡ್ರೈವರ್ ಜಯಪ್ರಕಾಶನ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಬಿತ್ತು. ಬಸ್ಸು ಮುಗ್ಗರಿಸಿ ನಿಂತಿತು. ಕೆಂಪುಕಲ್ಲು ಹೇರಿಕೊಂಡ ಲಾರಿಯೊಂದು ಬಲಗಡೆಯ ಇಳಿಜಾರಿನಿಂದ ನುಗ್ಗಿ ಬಂದು, ಬಸ್ಸಿನ ಮೂತಿಗೆ ಧೂಳೆರಚಿ, ತಿರುಗಿಯೂ ನೋಡದೆ ಹೋಗಿಬಿಟ್ಟಿತು. ನಾರಾವಿಯಿಂದ ಮೂಡುಬಿದಿರೆಗೆ ಹೊರಟ ಬೆಳಗಿನ ಬಸ್ಸು. ಕಾಲಿಡಲು ಜಾಗವಿಲ್ಲದಷ್ಟು ಜನ. ಜಯಪ್ರಕಾಶನ ಬಲಗೈ ಇನ್ನೂ ಹಣೆಯ ಹತ್ತಿರವೇ ಇತ್ತು.

ಪೆಜಗುಡ್ಡೆ ಕ್ರಾಸಿನಲ್ಲಿ ಎಡಕ್ಕೆ ಊರು ಕಾಯುವ ದೈವದ ಕಟ್ಟೆ. ಅದನ್ನು ದಾಟುವಾಗ ನಮಸ್ಕರಿಸದ ಡ್ರೈವರು ಆ ದಾರಿಯಲ್ಲಿ ಇನ್ನೂ ಹುಟ್ಟಿಲ್ಲ. ಡ್ರೈವರು ಸ್ಟೇರಿಂಗ್ ಬಿಟ್ಟ ಬಲಗೈಯನ್ನು ಎದೆಗೂ ಹಣೆಗೂ ಮುಟ್ಟಿಸುತ್ತಾನೆ, ಕಂಡಕ್ಟರು ಬಾಗಿಲಲ್ಲಿ ನೇತಾಡುತ್ತಲೇ ತಲೆ ಬಾಗಿಸುತ್ತಾನೆ, ಸೀಟಿನಲ್ಲಿದ್ದವರೆಲ್ಲ ಎಡಕ್ಕೆ ತಿರುಗುತ್ತಾರೆ. ಬಸ್ಸು ಮಾತ್ರ ನಿಲ್ಲುವುದಿಲ್ಲ, ಅದೇ ಗಳಿಗೆಯಲ್ಲಿ ದೊಡ್ಡ ರಸ್ತೆಗೆ ನುಗ್ಗುತ್ತದೆ. ಬೈಕುಗಳು ಬಿದ್ದವು, ಒಂದೆರಡು ಜೀವವೂ ಹೋಯಿತು. ಊರಿನವರು ಕಚೇರಿಗೆ ಅಲೆದು ಅಲೆದು ಕೊನೆಗೆ ಕಟ್ಟೆಯ ಪಕ್ಕದಲ್ಲೇ ‘ನಿಲ್ಲಿ’ ಎಂಬ ಕೆಂಪು ಬೋರ್ಡು ಬಂತು. ಜನ ಅದನ್ನೂ ಭಕ್ತಿಯಿಂದಲೇ ಬರಮಾಡಿಕೊಂಡರು. ಯಾರೋ ಪುಣ್ಯಾತ್ಮರು ಅದಕ್ಕೊಂದು ಕೇಪಳ ಹೂವಿನ ಮಾಲೆ ಹಾಕಿದರು. ಅಂದಿನಿಂದ ಕಟ್ಟೆಗೂ ಬೋರ್ಡಿಗೂ ಸೇರಿಸಿ ಒಂದೇ ನಮಸ್ಕಾರ. ನಿಲ್ಲುವ ಸುದ್ದಿ ಇಲ್ಲ.

ಜಯಪ್ರಕಾಶ್ ಬಸ್ಸನ್ನು ಮೆಲ್ಲಗೆ ಕ್ರಾಸ್ ದಾಟಿಸಿ ಬದಿಗೆ ಹಾಕಿದ. ಕಂಡಕ್ಟರ್ ಶೋಧನ್ ನೀರಿನ ಬಾಟಲಿ ಹಿಡಿದು ಓಡಿ ಬಂದ.

"ದೈವವೇ ಕಾಪಾಡಿದ್ದು ಅಣ್ಣ."

"ಹೌದು ಮತ್ತೆ," ಎಂದರು ಬೀಯಮ್ಮ. ಡ್ರೈವರನ ಹಿಂದಿನ ಸೀಟು, ಬಲಗಡೆಯ ಕಿಟಕಿ. ಸುತ್ತಿದ ಬೀಡಿಯ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಬೀಡಿ ಕೊಳ್ಳುವ ಬ್ರಾಂಚಿಗೆ ಹೋಗುವ ಅವರಿಗೆ ಅದು ಕಾಯಂ ಜಾಗ. ಕಟ್ಟೆ ಬಂದಾಗ ಬಸ್ಸಿಗೆ ಬಸ್ಸೇ ಎಡಕ್ಕೆ ತಿರುಗಿದರೆ ಅವರೊಬ್ಬರ ಮುಖ ಬಲಕ್ಕೆ ತಿರುಗಿರುವುದನ್ನು ಜಯಪ್ರಕಾಶ್ ಎಷ್ಟೋ ಸಲ ಕನ್ನಡಿಯಲ್ಲಿ ಕಂಡಿದ್ದ. ನಮ್ಮ ದೈವವೆಂದರೆ ಇವರಿಗೆ ಅಷ್ಟು ತಾತ್ಸಾರವೇ ಎಂದು ಒಳಗೊಳಗೇ ಮುನಿಸೂ ಇತ್ತು.

"ಬೀಯಮ್ಮ, ಲಾರಿ ನಿಮಗೆ ಹೇಗೆ ಕಂಡದ್ದು?"

"ಹೇಗೆ ಅಂದ್ರೆ? ದಿನಾ ನೋಡ್ತೇನಲ್ಲ."

"ದಿನಾವಾ?"

"ನೀವೆಲ್ಲ ಆಚೆ ತಿರುಗಿ ಕೈಮುಗಿಯುದು. ತಪ್ಪು ಅಂತ ಹೇಳುದಲ್ಲ ಮಗಾ, ಅದು ನಿಮ್ಮ ಕ್ರಮ. ನಮಗೆ ಆ ಕ್ರಮ ಇಲ್ಲ. ಸುಮ್ಮನೆ ಕೂತು ಏನು ಮಾಡುದು? ಯಾರಾದ್ರೂ ಒಬ್ರು ಈಚೆ ನೋಡ್ಬೇಕಲ್ವಾ, ಹಾಗೆ ನಾನು ನೋಡ್ತೇನೆ."

ಜಯಪ್ರಕಾಶ್ ಕಟ್ಟೆಯ ಕಡೆಗೊಮ್ಮೆ, ಇಳಿಜಾರಿನ ಕಡೆಗೊಮ್ಮೆ ನೋಡಿದ. ಇಷ್ಟು ವರ್ಷ ಈ ತಿರುವಿನಲ್ಲಿ ತನ್ನ ಕಣ್ಣು ರಸ್ತೆಯ ಮೇಲೆ ಇರಲೇ ಇಲ್ಲ. ಬಸ್ಸಿಗೆ ಇದ್ದದ್ದು ಬೆನ್ನ ಹಿಂದಿನ ಈ ಎರಡು ಕಣ್ಣು. ಯಾರೂ ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ. ತಾನು ಕೈಮುಗಿದು ನೆಮ್ಮದಿಯಿಂದ ಮುಂದೆ ಹೋದ ಒಂದೊಂದು ಬೆಳಿಗ್ಗೆಯನ್ನೂ ನೆನೆದು ಅವನು ಸೀಟಿನಲ್ಲೇ ಹಿಂದಕ್ಕೆ ತಿರುಗಿದ.

"ನೀವು ಬಾರದ ದಿವಸ?" ಅವನು ಮೆಲ್ಲಗೆ ಕೇಳಿದ.

"ಅದಕ್ಕೇ ಬೀಡಿ ಇಲ್ಲದ ದಿವಸವೂ ಬರುದು. ನನ್ನ ಮೊಮ್ಮಗಳು ರಿಫಾ ಇದೇ ಬಸ್ಸಲ್ಲಿ ಕಾಲೇಜಿಗೆ ಹೋಗುದಲ್ವಾ? ಅವಳೊಬ್ಬಳೇ ಅಲ್ಲ, ಎಲ್ಲ ಮಕ್ಕಳೂ ಉಂಟು." ಬೀಯಮ್ಮ ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡು ದನಿ ತಗ್ಗಿಸಿದರು. "ಒಂದು ಮಾತು ಹೇಳ್ತೇನೆ ಮಗಾ, ಹೆದರಬೇಡ. ನನ್ನ ಕಣ್ಣಿಗೆ ಪೊರೆ ಬಂದಿದೆ. ಆ ಲಾರಿ ಇವತ್ತು ಹತ್ತಿರ ಬಂದ ಮೇಲೆಯೇ ನನಗೆ ಕಂಡದ್ದು. ಇನ್ನು ನನ್ನನ್ನು ನಂಬಬೇಡ."

ಶೋಧನನ ಕೈಯಲ್ಲಿದ್ದ ಬಾಟಲಿಯಿಂದ ನೀರು ಸುರಿಯುತ್ತಲೇ ಇತ್ತು. ಮೂಡುಬಿದಿರೆಯವರೆಗೆ ಅವನು ಒಮ್ಮೆಯೂ ಸೀಟಿ ಊದಲಿಲ್ಲ, ಬಾಯಲ್ಲೇ ಮೆಲ್ಲಗೆ ‘ರೈಟ್’ ಎಂದ.

ಮರುದಿನ ಬೆಳಿಗ್ಗೆ ಕ್ರಾಸ್ ಬಂತು. ಜನ ವಾಡಿಕೆಯಂತೆ ಎಡಕ್ಕೆ ತಿರುಗಿದರು. ಬಸ್ಸು ಕೆಂಪು ಬೋರ್ಡಿನ ಎದುರು ನಿಂತಿತು. ನಿಂತದ್ದಷ್ಟೇ ಅಲ್ಲ, ಜಯಪ್ರಕಾಶ್ ಇಂಜಿನನ್ನೇ ಆಫ್ ಮಾಡಿದ. ಹಕ್ಕಿಯ ಕೂಗು ಕೇಳುವಷ್ಟು ಮೌನ. ಆ ಕಟ್ಟೆಯ ಎದುರು ಬಸ್ಸೊಂದು ಸುಮ್ಮನಿದ್ದದ್ದನ್ನು ಜನ ನೋಡಿಯೇ ಇರಲಿಲ್ಲ. ಮುಗಿದ ಕೈಗಳು ಕೆಳಗಿಳಿಯುವುದನ್ನೇ ಮರೆತವು. ಜಯಪ್ರಕಾಶ್ ಮೊದಲ ಬಾರಿಗೆ ಎರಡೂ ಕೈ ಜೋಡಿಸಿ ನಮಸ್ಕರಿಸಿದ.

"ಅಣ್ಣ, ಟೈಮಿಂಗ್!" ಶೋಧನ್ ಪಿಸುಗುಟ್ಟಿದ. "ಹಿಂದಿನ ಬಸ್ಸು ಬಂತು."

"ಬರ್ಲಿ ಮಾರಾಯ. ಅವನೂ ನಿಲ್ಲಲಿ."

ಹಿಂದಿನಿಂದ ಹಾರ್ನು ಕಿರುಚಿತು. ಜಯಪ್ರಕಾಶ್ ಅವಸರಪಡಲಿಲ್ಲ. ಇಂಜಿನ್ ಚಾಲೂ ಮಾಡಿ, ಬಲಕ್ಕೆ ಕತ್ತು ಚಾಚಿ ಇಳಿಜಾರಿನ ಕೊನೆಯವರೆಗೂ ನೋಡಿದ. ಎಡಕ್ಕೆ ನೋಡಿದ. ಮತ್ತೊಮ್ಮೆ ಬಲಕ್ಕೆ ನೋಡಿದ. ರಸ್ತೆ ಖಾಲಿ. ‘ನೋಡಿದಿರಾ ಬೀಯಮ್ಮ’ ಎನ್ನಬೇಕೆಂದು ಕನ್ನಡಿಗೆ ಕಣ್ಣು ಹಾಯಿಸಿದವನು ಹಾಗೆಯೇ ಬಾಯಿ ಮುಚ್ಚಿಕೊಂಡ.

ಬಲಗಡೆಯ ಕಿಟಕಿಗೆ ತಲೆಯಾನಿಸಿ, ಬಾಯಿ ಸ್ವಲ್ಪ ತೆರೆದುಕೊಂಡು, ಬೀಯಮ್ಮ ಗಾಢ ನಿದ್ದೆಯಲ್ಲಿದ್ದರು.