ಅಕ್ಕನ ರಕ್ತ

ರಕ್ತ ಸಾಲದೆ ಹೃದಯದಲ್ಲಿ ನಿದ್ದೆಹೋದ ಭಾಗವನ್ನು ಒಡಹುಟ್ಟಿದವರ ರಕ್ತ ಹರಿಸಿ ಎಬ್ಬಿಸುವುದು ಹುಬ್ಬಳ್ಳಿಯಲ್ಲಿ ಈಗ ಕ್ಷೌರದಷ್ಟೇ ಮಾಮೂಲು. ಅಂಗಡಿಯಂಥ ಕೋಣೆ, ಎರಡು ಕುರ್ಚಿ, ನಡುವೆ ಒಂದು ನಳಿಕೆ.

ಈರಪ್ಪ ದೀಪಾವಳಿಗೇ ರಕ್ತ ಕೊಡಲು ಬಾ ಎಂದು ಅಕ್ಕ ದಾಕ್ಷಾಯಿಣಿಗೆ ಹೇಳಿಕಳಿಸಿದ್ದ. ಅವನಿಗೆ ಬೇರೆ ಒಡಹುಟ್ಟಿದವರಿರಲಿಲ್ಲ. ತಾನು ಪ್ರೀತಿಸಿದವನನ್ನು ಮದುವೆಯಾದಾಗ ತನ್ನ ಮುಖ ನೋಡದವನು ಸ್ವಲ್ಪ ಕಾಯಲಿ ಎಂದು ಅವಳು ಸುಮ್ಮನಿದ್ದಳು. ಬಂದದ್ದು ಯುಗಾದಿ ಕಳೆದ ಮೇಲೆ.

ನರ್ಸ್ ಇಬ್ಬರ ಕೈಗೂ ನಳಿಕೆ ಜೋಡಿಸಿದಳು. ಪರದೆಯ ಮೇಲೆ ತಮ್ಮನ ಹೃದಯದಲ್ಲಿ ಮಲಗಿದ್ದ ಭಾಗದ ಒಂದು ಬದಿ ಮೆಲ್ಲಗೆ ಮಿಡಿಯತೊಡಗಿತು. ಇನ್ನೊಂದು ಬದಿ ಅಲುಗಲೇ ಇಲ್ಲ.

"ಅದ್ಯಾಕ ಏಳವಲ್ದು?" ದಾಕ್ಷಾಯಿಣಿ ಕೇಳಿದಳು.

"ಬಾಳ ದಿನ ಮಲಗಿತ್ರೀ, ಅಷ್ಟು ಭಾಗ ಸತ್ತೈತಿ. ಚಳಿಗಾಲದಾಗ ಬಂದಿದ್ರ ಏಳತಿತ್ತು," ಎಂದಳು ನರ್ಸ್.

ಈರಪ್ಪ ನಕ್ಕ. "ಇರಲಿ ಬಿಡಕ್ಕಾ. ನಿನಗ ಮನಿ ಕೆಲಸ ಬಾಳ ಇದ್ದಿರಬೇಕು. ಇಷ್ಟರ ಎದ್ದೈತಲ್ಲ, ಸಾಕು."

ದಾಕ್ಷಾಯಿಣಿ ಪರದೆಯ ಮೇಲೆ ಅಲುಗದ ಬದಿಯನ್ನೇ ನೋಡಿದಳು. ನರ್ಸ್ ನಳಿಕೆ ತೆಗೆಯಲು ಬಂದಳು.

"ಇನ್ನೊಂದು ಸ್ವಲ್ಪ ಹೊತ್ತು ಇರಲ್ರೀ," ಎಂದಳು ದಾಕ್ಷಾಯಿಣಿ.

"ಸತ್ತದ್ದು ಏಳಂಗಿಲ್ರೀ ಅಕ್ಕಾರ."

"ಗೊತ್ತಾತ್ರೀ," ಎಂದಳು ದಾಕ್ಷಾಯಿಣಿ. ಕೈ ಮಾತ್ರ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.